ಉದ್ದೇಶ: ಕುಂದ್ರಾಕ

ಮೂವತ್ತೊಂದು ವರ್ಷ ಈ ಕುಡ್ಚಡೆಯಲ್ಲಿ
ಮಂದಿಯ ಮನೆ ಮುಂದೆ ಬಲ್ಕಾಂವ್ ಕಟ್ಟಿದ ಗೌಂಡಿ ನಾನು.
ಮೂರು ಮೆಟ್ಟಿಲು, ಎರಡೂ ಬದಿಗೆ ಕಲ್ಲಿನ ಸೊಪೊ,
ನಡುವೆ ಬಾಗಿಲಿಗೆ ದಾರಿ.
ಬೆನ್ನಿಗೆ ಎಷ್ಟು ಓರೆ ಬೇಕೆಂದು ಕೈಗೇ ಗೊತ್ತು.
ಕೆಲಸ ಮುಗಿದ ದಿನ ಒಂದು ಸಲ ಕೂತು ನೋಡುತ್ತಿದ್ದೆ,
ಗಿಲಾವು ಹಸಿಯಿದ್ದರೆ ಅದೂ ಇಲ್ಲ.

ಈಗ ನನ್ನದೇ ಮನೆಗೆ ಒಂದು ಕಟ್ಟೆ.
ಆರು ಮೊಳ ಉದ್ದ, ನಾಲ್ಕು ಮೊಳ ಅಗಲ, ಅಷ್ಟೇ.
ಶಾವಂತ್ರಿಗೆ ಮೊಣಕಾಲು ಹಿಡಿದಿದೆ,
ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು, ಇಲ್ಲ ನಾನು ಬೇಕು.
ಶನಿವಾರ ಐವತ್ತು ಚಿರೆಕಲ್ಲು ಇಳಿಸಿದೆ.
ಸೋಮವಾರ ಯಾರೋ ಬಂದು ಫೋಟೋ ಹೊಡೆದುಕೊಂಡು ಹೋದರು.

ಪರವಾನಗಿ ಎಲ್ಲಿ, ಅಂದರು ಪಾಲಿಕೆಯಲ್ಲಿ.
ನಾನು ನಕ್ಕೆ. ಕಿಟಕಿಯೊಳಗಿನ ಮನುಷ್ಯ ನಗಲಿಲ್ಲ.
ಆ ನಗೆಗೇ ಎರಡು ವಾರ ಹೆಚ್ಚಾಯಿತೆಂದು
ಶಾವಂತ್ರಿ ಇವತ್ತಿಗೂ ಅನ್ನುತ್ತಾಳೆ.

ಜಾಗದ ಉತಾರ, ಮನೆಪಟ್ಟಿಯ ಚೀಟಿ,
ನಾಲ್ಕು ಪ್ರತಿ ನಕ್ಷೆ, ರಸ್ತೆಯಿಂದ ಎಷ್ಟು ದೂರ,
ನೆರೆಯವರ ತಕರಾರಿಲ್ಲವೆಂಬ ಸಹಿ,
ಮೇಲೆ ಮಾಡು ಉಂಟೋ, ಇಲ್ಲವೋ.
ಉಂಟಾದರೆ ಅದು ಕೋಣೆಯ ಲೆಕ್ಕ.
ಇಲ್ಲವಾದರೆ ಯಾವ ಲೆಕ್ಕ ಎಂದು ಅವನಿಗೂ ಗೊತ್ತಿಲ್ಲ.
ಒಳಗೆ ಕೇಳಲು ಹೋದವನು
ಚಹಾ ಕುಡಿದು ಬಾಯಿ ಒರೆಸುತ್ತ ಬಂದ, ಉತ್ತರ ತರಲಿಲ್ಲ.

ನಮ್ಮ ಭಾಷಾ ಶಾಣೇದ ಐತಿ ನೋಡು, ಅಂದೆ ಇವಳಿಗೆ.
ಕಟ್ಟೂಕಿಂತ ಮೊದಲ ಕಟ್ಟಬೇಕು.

ಅಳೆಯಲು ವೇಳಿಪರ ಹುಡುಗ ಬಂದ, ಹೊಸ ಇಂಜಿನಿಯರು.
ಅವನು ತೊಟ್ಟಿಲಲ್ಲಿದ್ದಾಗ ಅವರ ಅಡುಗೆಮನೆಗೆ
ಗಿಲಾವು ಹಾಕಿದವನು ನಾನೇ; ಹೇಳಲಿಲ್ಲ.
ರಸ್ತೆಯ ನಡುವಿನಿಂದ ಟೇಪು ಎಳೆದ,
ಅದಿರಿನ ಲಾರಿ ಬಂತು, ಪಕ್ಕಕ್ಕೆ ಹಾರಿದ, ಮತ್ತೆ ಎಳೆದ.
"ಕಾಕಾ, ಒಂದೂವರೆ ಅಡಿ ಹೊರಗೆ ಬೀಳುತ್ತದೆ."
ಯಾವುದರ ಹೊರಗೆ?
ಕಾಗದದ ಮೇಲೆ ಒಂದು ಚುಕ್ಕೆಗೆರೆ ತೋರಿಸಿದ.
ಅಂಗಳದಲ್ಲಿ ನನಗದು ಕಾಣಲಿಲ್ಲ.
ಶಾವಂತ್ರಿ ರಂಗೋಲಿ ಡಬ್ಬಿ ತಂದು
ಅವನು ಬೆರಳು ಮಾಡಿದಲ್ಲೆಲ್ಲ ಪುಡಿ ಬಿಟ್ಟಳು.
ಸಂಜೆಯೊಳಗೆ ಕೋಳಿಗಳು ಆ ಕಾನೂನನ್ನು ಕೆದರಿ ಹಾಕಿದವು.

ಉಳಿದದ್ದು ಎಸ್ಪೆರಾನ್ಸಾ ಬಾಯಿಯ ಸಹಿ.
ಗಟಾರದ ನೀರಿಗೆ ಜಗಳಾಡಿ
ನಾಲ್ಕು ಮಳೆಗಾಲ ಮಾತು ಬಿಟ್ಟವರು ನಾವು.
ಚಾಳೀಸು ಹಾಕಿಕೊಂಡು ಕಾಗದ ಪೂರಾ ಓದಿದಳು,
ತಿರುವಿ ಖಾಲಿ ಬೆನ್ನನ್ನೂ ನೋಡಿದಳು.
ಮುಖ ಯಾವ ಕಡೆಗೆ, ಅಂದಳು.
ರಸ್ತೆಗೆ, ಅಂದೆ.
"ರಸ್ತೆಯಲ್ಲಿ ಏನುಂಟು? ಕೆಂಪು ಧೂಳು.
ಈ ಕಡೆ ತಿರುಗಿಸು."
ಈ ಕಡೆ ಎಂದರೆ ಅವಳ ಬಾವಿ, ಅವಳ ಬಿಂಬಲ ಗಿಡ, ಅವಳು.

ತಿರುಗಿಸಿ ಅಳೆದರೆ ಗೆರೆಯೊಳಗೇ ಕೂತಿತು.
ಹಾಗಾಗಿ ಹೊಸ ನಕ್ಷೆ, ಮತ್ತೆ ನಾಲ್ಕು ಪ್ರತಿ,
ಮತ್ತೆ ಕಟ್ಟಿದೆ, ಅದೇ ಕಿಟಕಿಯಲ್ಲಿ.

ಕೊನೆಯ ಖಾನೆ, ಕಟ್ಟಡದ ಉದ್ದೇಶ.
ಅವನು ಕೊಂಕಣಿಯಲ್ಲಿ ಕೇಳಿದ,
ಇವಳು ನಮ್ಮದರಲ್ಲಿ ಹೇಳಿದಳು: "ಕುಂದ್ರಾಕ."
ಪೆನ್ನು ನಿಂತಿತು.
ವಾಸಕ್ಕೆ ಉಂಟು, ವ್ಯಾಪಾರಕ್ಕೆ ಉಂಟು,
ಕುಂದ್ರಾಕ ಅನ್ನುವುದಕ್ಕೆ ಜಾಗವಿಲ್ಲ.
'ಇತರೆ' ಮೇಲೆ ಗೀಟು ಹಾಕಿ, ಠಸ್ಸೆ ಹುಡುಕತೊಡಗಿದ.

ಆ ಮಾತಿಗೆ ಹನ್ನೊಂದು ವಾರ.
ಕಲ್ಲು ಹಾಗೇ ಬಿದ್ದಿವೆ ಅಂಗಳದಲ್ಲಿ.
ದಿನಾ ಐದಕ್ಕೆ ಎಸ್ಪೆರಾನ್ಸಾ ಬಾಯಿ ಬಂದು
ರಾಶಿಯ ಮೇಲೆ ಕೂತು ಬೀನ್ಸು ಮುರಿಯುತ್ತಾಳೆ,
ಶಾವಂತ್ರಿ ಕಾಲು ಚಾಚುತ್ತಾಳೆ.
ಗಟಾರದ ಮಾತು ಇನ್ನೂ ಯಾರೂ ತೆಗೆದಿಲ್ಲ.

ನಿನ್ನೆ ರಾತ್ರಿ ನಾಲ್ಕು ಕಲ್ಲು ಸರಿಸಿ
ಬೆನ್ನಿಗೆ ಒಂದಿಷ್ಟು ಓರೆ ಮಾಡಿದೆ.
ಸಿಮೆಂಟಿಲ್ಲ, ಗಿಲಾವಿಲ್ಲ.
ಯಾರಾದರೂ ಬಂದು ಫೋಟೋ ಹೊಡೆದರೆ
ಕಟ್ಟಿಲ್ಲ ಸಾಹೇಬರೇ, ಅನ್ನುತ್ತೇನೆ,
ಇಟ್ಟೇನ್ರಿ.